ಜೇಮ್ಸ್ ಸ್ಟುವರ್ಟ್ ಫ್ರೇಜರ್

ಜೇಮ್ಸ್ ಸ್ಟುವರ್ಟ್ ಫ್ರೇಜರ್ (1783–1869): ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ಅಧಿಕಾರಿ, ರಾಜತಾಂತ್ರಿಕ. 1834ರಲ್ಲಿ ಕಂಪನಿಯ ಪಡೆ ಕೊಡಗಿನ ಮೇಲೆ ದಂಡೆತ್ತಿ ಹೋದಾಗ ಅದರ ಜೊತೆಗಿದ್ದ ಪೊಲಿಟಿಕಲ್ ಏಜೆಂಟ್ ಈತನೇ. ಕೊಡಗಿನ ಹಾಲೇರಿ ಅರಸರ ಆಳ್ವಿಕೆ ಮುಗಿಯಿತೆಂದು ಸಾರಿದ, ಕೊಡಗು ಕಂಪನಿಗೆ ಸೇರಿತೆಂದು ಘೋಷಿಸಿದ ಪ್ರಕಟಣೆಗಳಿಗೆ ರುಜು ಹಾಕಿದವನೂ ಈತನೇ. ಮುಂದೆ ಮೈಸೂರು, ತಿರುವಾಂಕೂರು–ಕೊಚ್ಚಿ, ಹೈದರಾಬಾದುಗಳಲ್ಲಿ ರೆಸಿಡೆಂಟ್ ಆಗಿದ್ದ. ಕೊಡಗಿನ ಪೂರ್ವದ ಅಂಚಿನಲ್ಲಿ ಕಾವೇರಿಯ ದಡದ ಮೇಲಿರುವ ಕುಶಾಲನಗರಕ್ಕೆ ಬ್ರಿಟಿಷರ ಕಾಲದುದ್ದಕ್ಕೂ ಇದ್ದ ‘ಫ್ರೇಜರ್‌ಪೇಟೆ’ ಎಂಬ ಹೆಸರು ಈತನದು. ಬೆಂಗಳೂರಿನ ಫ್ರೇಜರ್ ಟೌನಿಗೂ ಈತನಿಗೂ ಸಂಬಂಧವಿಲ್ಲ. ಆ ಬಡಾವಣೆ ನಾಲ್ವಡಿ ಕೃಷ್ಣರಾಜ ಒಡೆಯರ ಗುರುವಾಗಿದ್ದು ಮುಂದೆ ಮೈಸೂರಿನ ರೆಸಿಡೆಂಟ್ ಆದ ಸ್ಟುವರ್ಟ್ ಮಿಟ್‌ಫರ್ಡ್ ಫ್ರೇಜರನ ಹೆಸರನ್ನು ಹೊತ್ತದ್ದು. ಹೆಸರುಗಳ ಹೋಲಿಕೆಯಿಂದ ಇಬ್ಬರನ್ನೂ ಒಬ್ಬನೆಂದು ತಿಳಿಯುವುದುಂಟು.

ಕೊಡಗಿನ ಇತಿಹಾಸದಲ್ಲಿ ಲೆ ಹಾರ್ಡಿ, ಮಾರ್ಕ್ ಕಬ್ಬನ್, ಪಾದ್ರಿ ಮೋಗ್ಲಿಂಗ್ ಇವರ ಹೆಸರುಗಳು ಹೆಚ್ಚು ಕೇಳಿಬರುತ್ತವೆ. ಫ್ರೇಜರ್ ಕೊಡಗಿನಲ್ಲಿ ಇದ್ದದ್ದು ಸ್ವಲ್ಪ ಕಾಲ. ಆದರೆ ಆ ಸ್ವಲ್ಪ ಕಾಲದಲ್ಲಿ ಈತ ಬರೆದಿಟ್ಟ ನಾಲ್ಕು ಮಾತುಗಳು ಆ ನಾಡಿನ ಆಡಳಿತವನ್ನು ನೂರು ವರ್ಷಕ್ಕೂ ಮಿಕ್ಕಿ ಕಟ್ಟಿಹಾಕಿದವು. ಗೆದ್ದ ನಾಡನ್ನು ಒಪ್ಪಿಕೊಂಡು ಬಂದ ನಾಡೆಂದು ಕಾಗದದ ಮೇಲೆ ತೋರಿಸುವ ಕೆಲಸವನ್ನು ಕಂಪನಿಯ ರಾಜತಾಂತ್ರಿಕರು ಹೇಗೆ ಮಾಡುತ್ತಿದ್ದರೆಂಬುದಕ್ಕೆ ಫ್ರೇಜರನ ಬದುಕಿಗಿಂತ ಸ್ಪಷ್ಟವಾದ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಮೊದಲ ವರ್ಷಗಳು

ಫ್ರೇಜರ್ ಹುಟ್ಟಿದ್ದು 1783ರ ಜುಲೈ 1ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆಯೂ ಕಂಪನಿಯ ಸೇನೆಯಲ್ಲಿದ್ದವನು. ಮಗ ಹದಿನಾರು ತುಂಬುವ ಹೊತ್ತಿಗೆ ಮದರಾಸು ಸೇನೆಗೆ ಸೇರಿದ. ಅದು ಶ್ರೀರಂಗಪಟ್ಟಣ ಬಿದ್ದ 1799ನೆಯ ವರ್ಷ. ದಕ್ಷಿಣದಲ್ಲಿ ಕಂಪನಿಯನ್ನು ಎದುರಿಸಿ ನಿಲ್ಲುವ ದೊಡ್ಡ ಶಕ್ತಿ ಉಳಿದಿರಲಿಲ್ಲ. ಆ ಪೀಳಿಗೆಯ ತರುಣ ಅಧಿಕಾರಿಗಳಿಗೆ ಹೆಸರು ಮಾಡಲು ರಣರಂಗಕ್ಕಿಂತ ದರಬಾರು, ಕಚೇರಿ, ಸಂಧಾನಗಳೇ ಹೆಚ್ಚು ಅವಕಾಶ ಕೊಟ್ಟವು. ಮದರಾಸಿನ ಗವರ್ನರ್ ಸರ್ ಜಾರ್ಜ್ ಬಾರ್ಲೋನ ಖಾಸಗಿ ಕಾರ್ಯದರ್ಶಿಯಾಗಿ ಫ್ರೇಜರ್ ಸರ್ಕಾರದ ಒಳಗಿನ ಪತ್ರವ್ಯವಹಾರವನ್ನು ಹತ್ತಿರದಿಂದ ಕಲಿತ.

ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಬ್ರಿಟಿಷರು ವಶಪಡಿಸಿಕೊಂಡಿದ್ದ ಪುದುಚೇರಿ ಮತ್ತಿತರ ಫ್ರೆಂಚ್ ನೆಲೆಗಳನ್ನು ಫ್ರಾನ್ಸಿಗೆ ಮರಳಿಸಬೇಕಾಯಿತು. 1816–17ರಲ್ಲಿ ಈ ಹಸ್ತಾಂತರವನ್ನು ನಡೆಸಿಕೊಟ್ಟ ಕಮಿಷನರ್ ಫ್ರೇಜರ್. ಯಾವ ಊರಿನ ಗಡಿ ಎಲ್ಲಿಯವರೆಗೆ, ಯಾವ ಗ್ರಾಮದ ಕಂದಾಯ ಯಾರಿಗೆ, ಉಪ್ಪಿನ ಹಕ್ಕು ಯಾರದು ಎಂಬಂಥ ಬಿಡಿ ಬಿಡಿ ತಕರಾರುಗಳನ್ನು ಬಿಡಿಸಬೇಕಾದ ಕೆಲಸ ಅದು. ಈತನಿಗೆ ರಾಜತಾಂತ್ರಿಕನೆಂಬ ಹೆಸರು ತಂದುಕೊಟ್ಟದ್ದೂ ಅದೇ.

ಕಂಪನಿಯ ‘ಪೊಲಿಟಿಕಲ್’ ಸೇವೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಇಂದಿನ ರಾಯಭಾರಿಯಂತೆ ರೆಸಿಡೆಂಟನೂ ಪರರಾಜ್ಯದ ರಾಜಧಾನಿಯಲ್ಲಿ ಕುಳಿತು ತನ್ನ ಸರ್ಕಾರದ ಮಾತನ್ನು ಅರಸನಿಗೆ ಮುಟ್ಟಿಸಬೇಕು, ಅರಸನ ಮಾತನ್ನು ತನ್ನ ಸರ್ಕಾರಕ್ಕೆ ತಿಳಿಸಬೇಕು. ಪತ್ರಗಳು ಖರೀತೆಗಳಾಗಿ ರೇಷ್ಮೆಯ ಚೀಲದಲ್ಲಿ ಓಡಾಡುತ್ತಿದ್ದವು. ಆದರೆ ರಾಯಭಾರಿಯ ಹಿಂದೆ ಇರುವುದು ಶಿಷ್ಟಾಚಾರ. ರೆಸಿಡೆಂಟನ ಹಿಂದೆ ಕೂಗಳತೆಯ ದೂರದಲ್ಲೇ ಪಡೆಯೊಂದು ಬೀಡುಬಿಟ್ಟಿರುತ್ತಿತ್ತು, ಅದರ ಖರ್ಚನ್ನು ಬಹುಮಟ್ಟಿಗೆ ಆ ಅರಸನೇ ಕೊಡುತ್ತಿದ್ದ. ಫ್ರೇಜರ್ ತನ್ನ ವೃತ್ತಿಯ ಉತ್ತಮ ವರ್ಷಗಳನ್ನೆಲ್ಲ ಕಳೆದದ್ದು ಈ ಬಗೆಯ ಹುದ್ದೆಗಳಲ್ಲಿ.

ಕಂಪನಿ ಮತ್ತು ಕೊಡಗು

ಕೊಡಗು ಕಂಪನಿಗೆ ಶತ್ರುರಾಜ್ಯವಾಗಿರಲಿಲ್ಲ, ಹಳೆಯ ಮಿತ್ರ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ 1790ರಲ್ಲಿ ತಲಚೇರಿಯ ಕಂಪನಿ ಅಧಿಕಾರಿ ರಾಬರ್ಟ್ ಟೇಲರನೊಂದಿಗೆ ಒಪ್ಪಂದ ಮಾಡಿಕೊಂಡ. ಮಲಬಾರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಬ್ರಿಟಿಷ್ ಪಡೆಗೆ ತನ್ನ ಘಟ್ಟಗಳಲ್ಲಿ ದಾರಿ ಬಿಟ್ಟು, ದವಸ, ಎತ್ತು, ಆಳುಗಳನ್ನು ಒದಗಿಸಿದ. 1793ರಲ್ಲಿ ವರ್ಷಕ್ಕೆ 24,000 ರೂಪಾಯಿ ಪೊಗದಿ ಎಂದು ಗೊತ್ತಾಯಿತು. ಟಿಪ್ಪು ಮಡಿದ ಮೇಲೆ ಆ ಹಣವನ್ನೂ ಬಿಟ್ಟು, ಸ್ನೇಹದ ಗುರುತಾಗಿ ವರ್ಷಕ್ಕೊಂದು ಆನೆ ಸಾಕೆಂದಿತು ಕಂಪನಿ. ಘಟ್ಟದ ಕೆಳಗಿನ ತುಳುನಾಡಿನ ಕೆಲವು ಮಾಗಣೆಗಳೂ ಕೊಡಗಿಗೆ ಸೇರಿದವು.

ದೊಡ್ಡವೀರರಾಜೇಂದ್ರ 1809ರಲ್ಲಿ ತೀರಿಕೊಂಡ. ಮಗಳು ದೇವಮ್ಮಾಜಿಯ ಹೆಸರಿನಲ್ಲಿ ಸ್ವಲ್ಪಕಾಲ ಆಡಳಿತ ನಡೆದು, 1811ರಲ್ಲಿ ಅವನ ತಮ್ಮ ಲಿಂಗರಾಜೇಂದ್ರ ಪಟ್ಟವನ್ನು ತನ್ನದಾಗಿಸಿಕೊಂಡ. ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರ ಪಟ್ಟಕ್ಕೆ ಬಂದದ್ದು 1820ರಲ್ಲಿ. ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ ಕಾದಂಬರಿಯ ಮೂಲಕ ಕನ್ನಡ ಓದುಗರಿಗೆ ಪರಿಚಿತನಾದ ಅರಸ ಇವನೇ. ಇವನ ಕಾಲದ ಕೊಲೆಗಳ, ಹಿಂಸೆಗಳ ವಿವರ ಬಹುಮಟ್ಟಿಗೆ ಬ್ರಿಟಿಷ್ ಕಾಗದಗಳಿಂದ, ಮೋಗ್ಲಿಂಗನ ಬರಹದಿಂದ ಬಂದದ್ದು. ಸೋತವನ ಬಗ್ಗೆ ಗೆದ್ದವರು ಬರೆದ ಮಾತನ್ನು ಎಚ್ಚರದಿಂದಲೇ ಓದಬೇಕು. ಆದರೂ ಅರಮನೆಯೊಳಗೆ ದಾಯಾದಿಗಳ ರಕ್ತ ಹರಿದದ್ದು, ಅರಸನ ನೆಚ್ಚಿನ ಕುಂಟ ಬಸವನ ಕೈಯಲ್ಲಿ ಜನ ನೊಂದದ್ದು ಸುಳ್ಳಲ್ಲ. ಅರಸನ ಸ್ವಂತ ದಿವಾನರೇ ಕಡೆಗೆ ಅವನ ಕೈಬಿಟ್ಟರೆಂಬುದು ಇದಕ್ಕೆ ಸಾಕ್ಷಿ.

ಯುದ್ಧಕ್ಕೆ ಹತ್ತಿರದ ಕಾರಣ ಮನೆತನದ ಜಗಳ. ಅರಸನ ತಂಗಿ ದೇವಮ್ಮಾಜಿ (ದೊಡ್ಡವೀರರಾಜೇಂದ್ರನ ಮಗಳು ಬೇರೆ, ಈಕೆ ಬೇರೆ) ಮತ್ತು ಅವಳ ಗಂಡ ಚನ್ನಬಸವಪ್ಪ 1832ರಲ್ಲಿ ಕೊಡಗಿನಿಂದ ಓಡಿಬಂದು ಮೈಸೂರಿನ ರೆಸಿಡೆಂಟ್ ಕಾಸಾಮೇಜರನ ಆಶ್ರಯ ಬೇಡಿದರು. ಅರಸ ಅವರನ್ನು ಒಪ್ಪಿಸಿರೆಂದು ಕೇಳಿದ, ಕಂಪನಿ ಒಪ್ಪಲಿಲ್ಲ. ಸಂಧಾನಕ್ಕೆ ನೇಮಕವಾದ ಗ್ರೇಮ್ ಎಂಬ ಅಧಿಕಾರಿ ಕರುಣಾಕರ ಮೆನನ್ ಎಂಬ ಹಳೆಯ ನೌಕರನನ್ನು ಮಡಿಕೇರಿಗೆ ಕಳುಹಿಸಿದ. ತನ್ನವರನ್ನು ಬಿಡುವ ತನಕ ಇವನನ್ನೂ ಬಿಡುವುದಿಲ್ಲವೆಂದು ಅರಸ ಮೆನನ್‌ನನ್ನು ಹಿಡಿದಿಟ್ಟ. ದೂತನನ್ನು ಸೆರೆಹಿಡಿದದ್ದು ದೊಡ್ಡ ತಪ್ಪು. ಕಂಪನಿಗೆ ಬೇಕಾಗಿದ್ದ ನೆಪ ಅದರಿಂದ ಸಿಕ್ಕಿತು.

1834ರ ವಸಂತ

ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಆ ವೇಳೆ ದಕ್ಷಿಣದ ಪ್ರವಾಸದಲ್ಲೇ ಇದ್ದ. ಸೈನ್ಯದ ನೇತೃತ್ವ ಕರ್ನಲ್ ಪ್ಯಾಟ್ರಿಕ್ ಲಿಂಡ್ಸೇಗೆ, ರಾಜಕೀಯದ ಹೊಣೆ ಲೆಫ್ಟಿನೆಂಟ್ ಕರ್ನಲ್ ಫ್ರೇಜರನಿಗೆ ಬಂತು. 1834ರ ಮಾರ್ಚಿನಲ್ಲಿ ಫ್ರೇಜರನ ಹೆಸರಿನಲ್ಲಿ ಯುದ್ಧದ ಪ್ರಕಟಣೆ ಹೊರಟಿತು. ಅದರ ರಚನೆಯನ್ನು ಗಮನಿಸಬೇಕು. ಮೊದಲಿಗೆ ಅರಸನ ಮೇಲಿನ ದೂರುಗಳು: ಪ್ರಜೆಗಳ ಪೀಡನೆ, ತಂಗಿಯ ಮತ್ತು ಅವಳ ಗಂಡನ ಜೀವಕ್ಕೆ ಬಂದ ಅಪಾಯ, ಕಂಪನಿಯ ಶತ್ರುಗಳಿಗೆ ಕೊಟ್ಟ ಉತ್ತೇಜನ, ಮೆನನ್‌ನ ಬಂಧನ, ಮದರಾಸಿನ ಗವರ್ನರನಿಗೂ ಗವರ್ನರ್ ಜನರಲ್‌ಗೂ ಬರೆದ ಅವಮಾನಕರ ಪತ್ರಗಳು. ಆಮೇಲೆ ತೀರ್ಪು: ಇನ್ನು ಮುಂದೆ ಇವನನ್ನು ಕೊಡಗಿನ ಅರಸನೆಂದು ಪರಿಗಣಿಸುವುದಿಲ್ಲ. ಕೊನೆಯಲ್ಲಿ ಜನರಿಗೆ ಭರವಸೆ: ಎದುರಾಡದವರ ಪ್ರಾಣಕ್ಕೂ ಆಸ್ತಿಗೂ ತೊಂದರೆಯಿಲ್ಲ. ಅರಸನನ್ನೂ ಪ್ರಜೆಗಳನ್ನೂ ಬೇರೆ ಬೇರೆಯಾಗಿ ಕಾಣುವ ಈ ನುಡಿ ಮೊದಲ ಗುಂಡು ಹಾರುವ ಮುಂಚೆಯೇ ಅರ್ಧ ಕೆಲಸ ಮಾಡಿತ್ತು.

ಸುಮಾರು ಆರರಿಂದ ಏಳು ಸಾವಿರದಷ್ಟಿದ್ದ ಪಡೆ ನಾಲ್ಕು ದಿಕ್ಕಿನಿಂದ ಹೊರಟಿತು. ಪೂರ್ವದಿಂದ ಲಿಂಡ್ಸೇ, ಉತ್ತರದಿಂದ ಕರ್ನಲ್ ವಾ, ಕಣ್ಣಾನೂರಿನ ಕಡೆಯಿಂದ ಹೆಗ್ಗಳ ಘಟ್ಟ ಹತ್ತಿ ಕರ್ನಲ್ ಫೌಲಿಸ್, ಕುಂಬಳೆಯ ಕಡೆಯಿಂದ ಲೆಫ್ಟಿನೆಂಟ್ ಕರ್ನಲ್ ಜಾಕ್ಸನ್. ಕೊಡಗು ಸುಲಭವಾಗಿ ಕೈವಶವಾಯಿತೆಂಬ ಮಾತು ಪೂರ್ವದ ದಾರಿಗಷ್ಟೇ ನಿಜ. ಉತ್ತರದಲ್ಲಿ ಸೋಮವಾರಪೇಟೆಯತ್ತ ಬರುತ್ತಿದ್ದ ತುಕಡಿ ಏಪ್ರಿಲ್ 3ರಂದು ಬಕ್ಕದ ಕೋಟೆಬೇಲಿಗೆ ಎದುರಾಗಿ ಭಾರೀ ಪೆಟ್ಟು ತಿಂದಿತು. 55ನೆಯ ರೆಜಿಮೆಂಟಿನ ಕರ್ನಲ್ ಮಿಲ್ ಅಲ್ಲೇ ಸತ್ತ. ಜಾಕ್ಸನ್ನನ ತುಕಡಿ ಬಂದ ದಾರಿಯಲ್ಲೇ ಹಿಮ್ಮೆಟ್ಟಿತು. ಕಿರಿದಾದ ಕಾಡುದಾರಿ, ಬಿದಿರು–ಮರದ ತಡೆಗೋಡೆ, ಅದರ ಹಿಂದಿನಿಂದ ಗುರಿಯಿಟ್ಟು ಹೊಡೆಯುವ ಕೋವಿಗಳು: ಕೊಡವರೂ ಗೌಡರೂ ತಮ್ಮ ನೆಲದಲ್ಲಿ ಹೇಗೆ ಕಾದಾಡಬಲ್ಲರೆಂದು ಈ ಎರಡು ಕಡೆ ಕಂಪನಿಗೆ ತಿಳಿಯಿತು.

ಆದರೆ ಮಡಿಕೇರಿಯಲ್ಲಿ ಅರಸನ ಧೈರ್ಯ ಕುಸಿದಿತ್ತು. ಒಪ್ಪಂದಕ್ಕೆ ಹಾತೊರೆದು ಕದನ ನಿಲ್ಲಿಸಲು ಹೇಳಿಕಳುಹಿಸಿ, ತಾನು ರಾಣಿವಾಸದೊಂದಿಗೆ ತಡಿಯಂಡಮೋಳ್ ಬೆಟ್ಟದ ಬುಡದ ನಾಲ್ಕುನಾಡು ಅರಮನೆಗೆ ಹೋಗಿ ಕುಳಿತ. ದಿವಾನ್ ಅಪ್ಪಾರಂಡ ಬೋಪು ಲಿಂಡ್ಸೇಯ ಪಡೆಯನ್ನು ಎದುರ್ಗೊಂಡು ಮಡಿಕೇರಿಗೆ ಕರೆತಂದ. ಏಪ್ರಿಲ್ 6ರಂದು ಕೋಟೆಯ ಮೇಲೆ ಬ್ರಿಟಿಷ್ ಬಾವುಟ ಏರಿತು. ಕರುಣಾಕರ ಮೆನನ್‌ಗೆ ಬಿಡುಗಡೆಯಾಯಿತು. ಕುಂಟ ಬಸವ ಕಾಡಿನಲ್ಲಿ ಹೆಣವಾಗಿ ಸಿಕ್ಕ.

ನಾಲ್ಕು ದಿನ ಕಳೆದು, ಏಪ್ರಿಲ್ 10ರಂದು, ಅರಸ ಪಲ್ಲಕ್ಕಿಗಳ ಸಾಲಿನೊಂದಿಗೆ ಮಡಿಕೇರಿಗೆ ಮರಳಿದ. ತಂದೆ ಲಿಂಗರಾಜೇಂದ್ರ ಕಟ್ಟಿಸಿದ ಅರಮನೆ ಅದೇ, ಬೀದಿಗಳೂ ಅವೇ. ಕಾವಲಿಗೆ ಮಾತ್ರ ಕಂಪನಿಯ ಸಿಪಾಯಿಗಳಿದ್ದರು. ಫ್ರೇಜರನೊಡನೆ ನಡೆದ ಮಾತುಕತೆಗಳಲ್ಲಿ ಅವನು ಹಳೆಯ ಸ್ನೇಹವನ್ನು ನೆನಪಿಸಿದ, ಪಟ್ಟ ಉಳಿಯುವುದೆಂದು ನಂಬಿದ್ದ. ಫ್ರೇಜರ್ ಮರ್ಯಾದೆಗೆ ಕೊರತೆ ಮಾಡಲಿಲ್ಲ, ನಿರ್ಧಾರವನ್ನು ಬದಲಿಸಲೂ ಇಲ್ಲ. ಶರಣಾಗತಿ ಬೇಷರತ್ತಾದದ್ದು ಎಂಬುದೇ ಈತನ ನಿಲುವು. ಏಪ್ರಿಲ್ 24ರಂದು ಅರಸನನ್ನು ಕುಟುಂಬದೊಡನೆ ಬೆಂಗಾವಲಿನಲ್ಲಿ ಹೊರಡಿಸಲಾಯಿತು. ಬೆಂಗಳೂರು, ವೆಲ್ಲೂರು, ಅಲ್ಲಿಂದ ಕಾಶಿ. ಅವನು ಮತ್ತೆ ಕೊಡಗನ್ನು ಕಾಣಲಿಲ್ಲ.

‘ಜನರ ಒಮ್ಮತ’

1834ರ ಮೇ 7ರಂದು ಮಡಿಕೇರಿಯ ಶಿಬಿರದಿಂದ ಫ್ರೇಜರ್ ಹೊರಡಿಸಿದ ಪ್ರಕಟಣೆ ಕೊಡಗಿನ ಇತಿಹಾಸದ ಅತಿ ಮುಖ್ಯ ಕಾಗದಗಳಲ್ಲೊಂದು. ತೀರ ಚಿಕ್ಕದು, ಕೆಲವೇ ಸಾಲುಗಳದು. ಬ್ರಿಟಿಷ್ ಸರ್ಕಾರದ ರಕ್ಷಣೆಗೆ ಬರಬೇಕೆಂಬುದು ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಾಗಿರುವುದರಿಂದ ಈ ನಾಡನ್ನು ಕಂಪನಿಯ ಆಡಳಿತಕ್ಕೆ ವಹಿಸಲು ಗವರ್ನರ್ ಜನರಲ್ ತೀರ್ಮಾನಿಸಿದ್ದಾನೆಂದು ಅದು ಸಾರುತ್ತದೆ. ಜನರಿಗೆ ಮೂರು ಮಾತು ಕೊಡುತ್ತದೆ: ಮತ್ತೆ ದೇಶೀಯ ಅರಸರ ಕೈಗೆ ಅವರನ್ನು ಒಪ್ಪಿಸುವುದಿಲ್ಲ, ಅವರ ಲೌಕಿಕ ಮತ್ತು ಧಾರ್ಮಿಕ ಪದ್ಧತಿಗಳನ್ನು ಗೌರವಿಸಲಾಗುವುದು, ಅವರ ಭದ್ರತೆ ಮತ್ತು ಸುಖಕ್ಕಾಗಿ ಸರ್ಕಾರ ಸದಾ ಶ್ರಮಿಸುವುದು.

ಈ ಒಮ್ಮತ ಎಷ್ಟು ನಿಜ? ಪ್ರಮುಖ ಕೊಡವ ಮನೆತನಗಳ ಹಿರಿಯರನ್ನು, ನಾಡುಗಳ ಮುಖ್ಯಸ್ಥರನ್ನು ಫ್ರೇಜರ್ ಕರೆಸಿ ಮಾತನಾಡಿದ್ದು ನಿಜ. ಅವರಲ್ಲಿ ಹಲವರು ಚಿಕ್ಕವೀರರಾಜೇಂದ್ರನಿಂದ ಬೇಸತ್ತಿದ್ದದ್ದೂ ನಿಜ. ಆದರೆ ಆ ಮಾತುಕತೆ ನಡೆದದ್ದು ಕೋಟೆಯಲ್ಲಿ ಪರದೇಶದ ಪಡೆ ನಿಂತಿರುವಾಗ, ಅರಸನನ್ನು ನಾಡಿನಿಂದ ಕಳುಹಿಸಿ ಎರಡು ವಾರವೂ ತುಂಬದಿರುವಾಗ. ಕೇಳುವವನ ಕೈಯಲ್ಲಿ ಸೈನ್ಯವಿರುವಾಗ ಸಿಗುವ ಉತ್ತರಕ್ಕೆ ಒಮ್ಮತವೆನ್ನುವುದು ಸರಿಯಲ್ಲ. ಯಾರ ಪ್ರಾಣ ಉಳಿಸಲೆಂದು ಯುದ್ಧ ಹೂಡಿದೆವೆಂದು ಕಂಪನಿ ಹೇಳಿತೋ ಆ ದೇವಮ್ಮಾಜಿಗೂ ಅವಳ ಗಂಡನಿಗೂ ಪಟ್ಟ ಸಿಗಲಿಲ್ಲ. 1799ರಲ್ಲಿ ಮೈಸೂರಿನಲ್ಲಿ ಒಡೆಯರ ಮನೆತನಕ್ಕೆ ಪಟ್ಟ ಮರಳಿಸಿದ್ದ ಕಂಪನಿ, 1834ರಲ್ಲಿ ಹಾಗೆ ಮಾಡುವ ಮನಸ್ಸಿನಲ್ಲಿರಲಿಲ್ಲ. ಮೂರು ವರ್ಷದ ಹಿಂದೆ ಅದು ಮೈಸೂರಿನ ಆಡಳಿತವನ್ನೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡಿತ್ತು. ಬೆಂಟಿಂಕನ ಕಾಲದ ಈ ನೀತಿಗೆ ಜನರ ಹೆಸರಿನಲ್ಲಿ ಸಮರ್ಥನೆ ಒದಗಿಸಿದ್ದು ಫ್ರೇಜರನ ಕೆಲಸ. ಪ್ರಕಟಣೆಯ ಮೊದಲ ವಾಕ್ಯವನ್ನು ಇತಿಹಾಸದ ಪುಸ್ತಕಗಳು ಪರೀಕ್ಷಿಸದೆ ಎತ್ತಿಕೊಳ್ಳುವುದನ್ನು ಇನ್ನಾದರೂ ಬಿಡಬೇಕು.

ಕಾಶಿಗೆ ಹೋದ ಅರಸ 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದದ್ದು ಚೆನ್ನಾಗಿ ಗೊತ್ತಿರುವ ಕಥೆ. ವಿಕ್ಟೋರಿಯಾ ರಾಣಿ ಗೌರಮ್ಮನಿಗೆ ಧರ್ಮಮಾತೆಯಾದಳು. ಅದೇ ಲಂಡನ್ನಿನಲ್ಲಿ ಅರಸ ಹೂಡಿದ ದಾವೆ ಅಷ್ಟು ಪ್ರಸಿದ್ಧವಲ್ಲ. ದೊಡ್ಡವೀರರಾಜೇಂದ್ರ ಕಂಪನಿಯಲ್ಲಿ ತೊಡಗಿಸಿದ್ದ ಹಣದ ಪತ್ರಗಳು 1834ರಲ್ಲಿ ವಶವಾಗಿದ್ದವು. ಅದು ಖಾಸಗಿ ಆಸ್ತಿ, ತನಗೆ ಬರಬೇಕೆಂದು ಅವನು ಚಾನ್ಸರಿ ನ್ಯಾಯಾಲಯದಲ್ಲಿ ಕೇಳಿದ. 1859ರಲ್ಲಿ ಅವನು ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಬಂದ ತೀರ್ಪು ಕಂಪನಿಯ ಪರವಾಗಿತ್ತು: ಯುದ್ಧದಲ್ಲಿ ಸಾರ್ವಭೌಮ ಅಧಿಕಾರದಿಂದ ವಶಪಡಿಸಿಕೊಂಡದ್ದನ್ನು ಸಾಮಾನ್ಯ ನ್ಯಾಯಾಲಯ ವಿಚಾರಿಸಲಾರದು. ಜನರ ಇಚ್ಛೆಯಿಂದ ಬಂದ ನಾಡೆಂದು ಮಡಿಕೇರಿಯಲ್ಲಿ ಸಾರಿದ್ದ ಕಂಪನಿ, ಲಂಡನ್ನಿನಲ್ಲಿ ಅದನ್ನು ಯುದ್ಧದಲ್ಲಿ ಗೆದ್ದದ್ದೆಂದೇ ವಾದಿಸಿ ಗೆದ್ದಿತು.

ಕೊಡಗಿನ ವ್ಯವಸ್ಥೆ

ಒಪ್ಪಿಗೆಯ ಪ್ರಶ್ನೆ ಏನೇ ಇರಲಿ, ಫ್ರೇಜರ್ ಹಾಕಿಕೊಟ್ಟ ಆಡಳಿತದ ಏರ್ಪಾಟಿನಲ್ಲಿ ವಿವೇಕವಿತ್ತು. ಅರಸ ಹೋದನೇ ಹೊರತು ಅರಸನ ಕಚೇರಿ ಹೋಗಲಿಲ್ಲ. ಅಪ್ಪಾರಂಡ ಬೋಪು, ಚೆಪ್ಪುಡಿರ ಪೊನ್ನಪ್ಪ ದಿವಾನರಾಗಿ ಮುಂದುವರಿದರು. ತಾಲ್ಲೂಕುಗಳಲ್ಲಿ ಸುಬೇದಾರರು, ನಾಡುಗಳಲ್ಲಿ ಪಾರುಪತ್ಯಗಾರರು ಇದ್ದಂತೆಯೇ ಉಳಿದರು. ಲಿಂಗರಾಜೇಂದ್ರ ನಾಡನ್ನು ಅಳೆಯಿಸಿ ಬರೆಸಿದ್ದ ‘ಶಿಸ್ತು’ ಕಂದಾಯಕ್ಕೆ ಆಧಾರವಾಯಿತು, ಕಚೇರಿಯ ಭಾಷೆ ಕನ್ನಡವೇ ಆಗಿತ್ತು. ಯುದ್ಧಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯದಲ್ಲಿ ಮನೆತನಗಳು ಅನುಭವಿಸುತ್ತಿದ್ದ ಜಮ್ಮಾ ಭೂಮಿಯ ಹಕ್ಕನ್ನು ಮುಟ್ಟಲಿಲ್ಲ. ಮೇಲ್ವಿಚಾರಣೆಗೆ ಕ್ಯಾಪ್ಟನ್ ಲೆ ಹಾರ್ಡಿ ಸೂಪರಿಂಟೆಂಡೆಂಟ್ ಆಗಿ ಬಂದ.

ಇದರ ಫಲವನ್ನು ಕಂಪನಿ ಮೂರೇ ವರ್ಷದಲ್ಲಿ ಉಂಡಿತು, ಇದರ ಕೊರತೆಯನ್ನೂ ಆಗಲೇ ಕಂಡಿತು. ಘಟ್ಟದ ಕೆಳಗಿನ ಅಮರಸುಳ್ಯ, ಪುತ್ತೂರು ಸೀಮೆಗಳನ್ನು 1834ರಲ್ಲಿ ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಲಾಗಿತ್ತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲೇ ಕಂದಾಯ ಕೊಡುತ್ತಿದ್ದ ರೈತ ಈಗ ನಗದು ಹೊಂದಿಸಬೇಕಾಯಿತು. ನಗದಿಗಾಗಿ ಬತ್ತವನ್ನು ಕಡಿಮೆ ಬೆಲೆಗೆ ಮಾರಬೇಕು, ಇಲ್ಲವೇ ಸಾಹುಕಾರನ ಬಾಗಿಲಿಗೆ ಹೋಗಬೇಕು. ಮೇ 7ರ ಪ್ರಕಟಣೆ ಕೊಟ್ಟ ಪದ್ಧತಿಯ ರಕ್ಷಣೆ ಈ ರೈತರ ಪಾಲಿಗೆ ಬರಲೇ ಇಲ್ಲ. 1837ರಲ್ಲಿ ಅರಸುಮನೆತನದವನೆನಿಸಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಗೆ ಸುಳ್ಯದಿಂದ ಪುತ್ತೂರು, ಬಂಟ್ವಾಳಗಳನ್ನು ದಾಟಿ ಮಂಗಳೂರನ್ನೇ ಹಿಡಿಯಿತು. ಅರೆಭಾಷೆ ಗೌಡರು ಇದರ ಬೆನ್ನೆಲುಬು. ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಆದರೆ ಘಟ್ಟದ ಮೇಲೆ ದಿವಾನರೂ ಅವರ ಕೊಡವ ಪಡೆಯೂ ಕಂಪನಿಯ ಪಕ್ಷದಲ್ಲಿ ನಿಂತು ದಂಗೆಯನ್ನು ಅಡಗಿಸಲು ನೆರವಾದರು, ಪದಕ, ಉಂಬಳಿ ಪಡೆದರು. 1861ರಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ದೊರೆತ ವಿನಾಯಿತಿಗೂ ಇದೇ ನಿಷ್ಠೆ ಕಾರಣ. ಫ್ರೇಜರನ ವ್ಯವಸ್ಥೆ ಒಂದು ವರ್ಗವನ್ನು ಜೊತೆಗಿಟ್ಟುಕೊಂಡಿತು, ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನ್ನೂ ಸೇರಿಸಿ ನೋಡಿದಾಗಲೇ ಆ ವ್ಯವಸ್ಥೆಯ ನಿಜವಾದ ಅಳತೆ ಸಿಗುವುದು.

ಮೈಸೂರು, ತಿರುವಾಂಕೂರು

ದಂಗೆಯ ಹೊತ್ತಿಗೆ ಫ್ರೇಜರ್ ಇಲ್ಲಿರಲಿಲ್ಲ. 1834ರಲ್ಲೇ ಮೈಸೂರಿನ ರೆಸಿಡೆಂಟ್ ಆಗಿ, 1836ರಲ್ಲಿ ತಿರುವಾಂಕೂರು–ಕೊಚ್ಚಿಗೆ ಹೋದ. ಎರಡೂ ಕಡೆ ಈತನಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವನು ಕಾಸಾಮೇಜರ್. ಮೈಸೂರಿನಲ್ಲಿ ಆಡಳಿತವೆಲ್ಲ ಕಮಿಷನರ್ ಮಾರ್ಕ್ ಕಬ್ಬನ್ನನ ಕೈಯಲ್ಲಿದ್ದುದರಿಂದ ರೆಸಿಡೆಂಟನಿಗೆ ಹೆಚ್ಚು ಕೆಲಸ ಉಳಿದಿರಲಿಲ್ಲ. 1843ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು. ತಿರುವಾಂಕೂರಿನಲ್ಲಿ ಆಗ ಸಂಗೀತಗಾರನೂ ಆದ ಅರಸ ಸ್ವಾತಿ ತಿರುನಾಳನ ಆಳ್ವಿಕೆ. ತಿರುವನಂತಪುರದ ಖಗೋಳ ವೀಕ್ಷಣಾಲಯ 1837ರಲ್ಲಿ ಆರಂಭವಾದದ್ದು ಫ್ರೇಜರ್ ಅಲ್ಲಿ ರೆಸಿಡೆಂಟ್ ಆಗಿದ್ದಾಗಲೇ.

ಹೈದರಾಬಾದು

1838ರಲ್ಲಿ ಫ್ರೇಜರ್ ಹೈದರಾಬಾದಿಗೆ ಹೋದ. ನಿಜಾಮನ ದರಬಾರಿನಲ್ಲಿ 1852ರವರೆಗೆ ಹದಿನಾಲ್ಕು ವರ್ಷ ನಿಂತ. ಕಂಪನಿಯ ರಾಜತಾಂತ್ರಿಕರಿಗೆ ಇದಕ್ಕಿಂತ ದೊಡ್ಡ ಹುದ್ದೆಗಳು ಹೆಚ್ಚಿರಲಿಲ್ಲ. ಬಂದ ಮರುವರ್ಷವೇ ನಿಜಾಮ ನಾಸಿರ್ ಉದ್ ದೌಲನ ತಮ್ಮ ಮುಬಾರಿಜ್ ಉದ್ ದೌಲನನ್ನು ಕಂಪನಿಯ ವಿರುದ್ಧ ಸಂಚು ಹೂಡಿದ ಆರೋಪದ ಮೇಲೆ ಗೋಲ್ಕೊಂಡದಲ್ಲಿ ಸೆರೆಯಿಡಲಾಯಿತು. ಅದೇ ವರ್ಷ ಕರ್ನೂಲಿನ ನವಾಬನೂ ಪಟ್ಟ ಕಳೆದುಕೊಂಡ.

ಆಗಿನ ಹೈದರಾಬಾದು ರಾಜ್ಯದಲ್ಲಿ ರಾಯಚೂರು, ಕಲಬುರಗಿ ಕಡೆಯ ಕನ್ನಡ ನಾಡು ದೊಡ್ಡ ಭಾಗ. ಸುರಪುರ ಸಂಸ್ಥಾನದ ಬೇಡ ಅರಸ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಅವನ ಮಗ ವೆಂಕಟಪ್ಪ ಇನ್ನೂ ಬಾಲಕ. ರಾಣಿ ಈಶ್ವರಮ್ಮನ ಪಕ್ಷಕ್ಕೂ ದಾಯಾದಿಗಳಿಗೂ ಜಗಳ, ಮೇಲೆ ನಿಜಾಮನಿಗೆ ಕೊಡಬೇಕಾದ ನಜರಾಣೆಯ ಸಾಲ. ಅಲ್ಲಿಗೆ ಫ್ರೇಜರ್ ಕಳುಹಿಸಿದ್ದು ಮೆಡೋಸ್ ಟೇಲರನನ್ನು. ಕಂಪನಿಯ ಸ್ವಂತ ನೌಕರನೂ ಅಲ್ಲದ, ನಿಜಾಮನ ಸೇನೆಯ ಈ ಅಧಿಕಾರಿಯನ್ನು ಆರಿಸಿದ್ದು ಫ್ರೇಜರನ ಒಳ್ಳೆಯ ಆಯ್ಕೆಗಳಲ್ಲೊಂದು. ಟೇಲರ್ 1853ರವರೆಗೆ ಸುರಪುರದಲ್ಲಿದ್ದು ಸಾಲ ತೀರಿಸಿದ, ಹೊಲಗಳನ್ನು ಅಳೆಯಿಸಿದ, ಕೆರೆ–ರಸ್ತೆಗಳನ್ನು ಮಾಡಿಸಿದ, ಬಾಲಕ ಅರಸನನ್ನು ಮಗನಂತೆ ನೋಡಿಕೊಂಡ. ಅವನು ಕಟ್ಟಿಸಿಕೊಂಡ ಬಂಗಲೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಲ್ಲಿ ಸುರಪುರದ ಗುಡ್ಡದ ಮೇಲಿದೆ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ. ಇತ್ತ ಹೈದರಾಬಾದಿನಲ್ಲಿ 1846ರಲ್ಲಿ ವೈದ್ಯಕೀಯ ಶಾಲೆ ತೆರೆದದ್ದೂ ಫ್ರೇಜರನ ಅವಧಿಯಲ್ಲೇ.

ಆದರೆ ಈತನ ಕಾಲವನ್ನು ನುಂಗಿದ್ದು ಹಣದ ಪ್ರಶ್ನೆ. ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಪಡೆಯ ಮೇಲೆ ಅಧಿಕಾರವಿದ್ದದ್ದು ಬ್ರಿಟಿಷರಿಗೆ, ಖರ್ಚು ನಿಜಾಮನದು. ವರ್ಷಕ್ಕೆ ಸುಮಾರು ನಲವತ್ತು ಲಕ್ಷ ರೂಪಾಯಿ ನುಂಗುತ್ತಿದ್ದ ಈ ಪಡೆಯ ಸಂಬಳ ಬಾಕಿ ಬಿದ್ದಾಗಲೆಲ್ಲ ರೆಸಿಡೆನ್ಸಿಯ ಖಜಾನೆ ಕೊಟ್ಟು ಲೆಕ್ಕಕ್ಕೆ ಬರೆಯುತ್ತಿತ್ತು. ದೀರ್ಘಕಾಲ ಆಡಳಿತ ನಡೆಸಿದ್ದ ಚಂದೂಲಾಲ್ 1843ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ಸರಿಯಾದ ಮಂತ್ರಿಯೇ ಸಿಗಲಿಲ್ಲ. 1850ರ ಹೊತ್ತಿಗೆ ಸಾಲ ಎಪ್ಪತ್ತು ಲಕ್ಷದ ಆಸುಪಾಸು ಮುಟ್ಟಿತ್ತು.

ಇಲ್ಲಿ ಫ್ರೇಜರನಿಗೂ ಗವರ್ನರ್ ಜನರಲ್ ಡಾಲ್‌ಹೌಸಿಗೂ ಬಿರುಕು ಬಿತ್ತು. ರೆಸಿಡೆಂಟನ ಮಾರ್ಗದರ್ಶನದಲ್ಲಿ ಬ್ರಿಟಿಷ್ ಅಧಿಕಾರಿಗಳು ಕೆಲಕಾಲ ಆಡಳಿತವನ್ನು ಸರಿಪಡಿಸಿ ಅರಸನಿಗೆ ಮರಳಿಸಬೇಕೆಂದು ಫ್ರೇಜರ್ ಪದೇ ಪದೇ ಬರೆದ. ಸುರಪುರದಲ್ಲಿ ಟೇಲರನಿಂದ ಆಗಿದ್ದ ಕೆಲಸ ಈತನ ಕಣ್ಣಮುಂದಿತ್ತು. ಸ್ವತಂತ್ರ ಅರಸನ ಒಳಾಡಳಿತದಲ್ಲಿ ಕೈಹಾಕಲು ನಮಗೆ ಹಕ್ಕಿಲ್ಲ ಎಂದು ಡಾಲ್‌ಹೌಸಿ ತಳ್ಳಿಹಾಕಿದ. ಅದೇ ಉಸಿರಿನಲ್ಲಿ ಸಾಲಕ್ಕೆ ಪ್ರತಿಯಾಗಿ ಜಿಲ್ಲೆಗಳನ್ನು ಕೊಡಬೇಕೆಂದು ಒತ್ತಾಯಿಸಿದ. ಫ್ರೇಜರನ ಯೋಜನೆಯೂ ಅರಸನ ಸ್ವಾತಂತ್ರ್ಯಕ್ಕೆ ಪೆಟ್ಟೇ, ಅದನ್ನು ಉದಾರವೆಂದು ಹೊಗಳಬೇಕಾಗಿಲ್ಲ. ಆದರೂ ಆಡಳಿತದ ಸುಧಾರಣೆಯನ್ನು ಬಿಟ್ಟು ನೆಲವನ್ನು ಮಾತ್ರ ಕೇಳುವ ನೀತಿಗಿಂತ ಅದರಲ್ಲಿ ರೈತನ ಹಿತದ ಯೋಚನೆ ಹೆಚ್ಚಿತ್ತು. ಮೇಲಿನಿಂದ ಬಂದ ಆಕ್ಷೇಪಣೆಗಳನ್ನು ಸಹಿಸದೆ ಫ್ರೇಜರ್ 1852ರ ಕೊನೆಯಲ್ಲಿ ಹುದ್ದೆ ಬಿಟ್ಟ. ಮುಂದಿನ ವರ್ಷ ಮೇ ತಿಂಗಳಲ್ಲಿ ಹೊಸ ರೆಸಿಡೆಂಟ್ ಕರ್ನಲ್ ಜಾನ್ ಲೋ ನಿಜಾಮನಿಂದ ಬೇರಾರ್, ರಾಯಚೂರು ದೋಆಬ್, ಧಾರಾಶಿವಗಳನ್ನು ಬರೆಯಿಸಿಕೊಂಡ. ರಾಯಚೂರು ಸೀಮೆ ನಿಜಾಮನಿಗೆ ಮರಳಿದ್ದು 1860ರಲ್ಲಿ.

ಕೊನೆಯ ವರ್ಷಗಳು, ಉಳಿದ ಹೆಸರು

ಇಂಗ್ಲೆಂಡಿಗೆ ಮರಳಿದ ಫ್ರೇಜರ್ 1862ರಲ್ಲಿ ಜನರಲ್ ಪದವಿಗೆ ಏರಿ, 1869ರ ಆಗಸ್ಟ್ 22ರಂದು ಲಂಡನ್ನಿನ ಬಳಿಯ ಟ್ವಿಕನ್‌ಹ್ಯಾಮ್‌ನಲ್ಲಿ ತೀರಿಕೊಂಡ. ಮಗ ಹೇಸ್ಟಿಂಗ್ಸ್ ಫ್ರೇಜರನೂ ಮದರಾಸು ಸೇನೆಯ ಅಧಿಕಾರಿ. ನಿಜಾಮನ ಮನೆತನದ ಪರವಾಗಿ 1865ರಲ್ಲಿ ಒಂದು ಪುಸ್ತಕ ಬರೆದ. 1885ರಲ್ಲಿ ತಂದೆಯ ಜೀವನಚರಿತ್ರೆಯನ್ನೂ ಪತ್ರಗಳನ್ನೂ ಪ್ರಕಟಿಸಿದ. ತಂದೆಯ ನಿಲುವುಗಳನ್ನು ಸಮರ್ಥಿಸಲು ಮಗ ಕಟ್ಟಿದ ಗ್ರಂಥವಾದ್ದರಿಂದ ಡಾಲ್‌ಹೌಸಿಯ ಭಾಗದಲ್ಲಿ ಅದರ ಮಾತಿಗೆ ಬಿಸಿ ಹೆಚ್ಚು. ಕೊಡಗಿನ ಸಂಶೋಧಕರಿಗೆ 1834ರ ಪತ್ರಗಳ ಕಾರಣದಿಂದ ಅದು ಇಂದಿಗೂ ಬೇಕಾದ ಆಕರ.

ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ದೂರದ ಫ್ರೇಜರ್‌ಪೇಟೆ ಆಗ ನಂಜರಾಜಪಟ್ಟಣ ತಾಲ್ಲೂಕಿನ ಊರು. ಮಡಿಕೇರಿಯ ಆಟಿ ಮಳೆಯನ್ನು ತಾಳಲಾರದ ಇಂಗ್ಲಿಷ್ ಅಧಿಕಾರಿಗಳು ಮಳೆಗಾಲದಲ್ಲಿ ಇಲ್ಲಿಗೆ ಇಳಿದುಬರುತ್ತಿದ್ದರು. ಹೈದರಾಲಿ ಇಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂದು ಊರಿಗೆ ಕುಶಾಲನಗರ ಎಂದು ಹೆಸರಿಟ್ಟನೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಟಿಪ್ಪು ಹುಟ್ಟಿದ್ದು 1750ರಲ್ಲಿ, ಹೈದರನ ದೃಷ್ಟಿ ಕೊಡಗಿನ ಮೇಲೆ ಬಿದ್ದದ್ದು 1760ರ ದಶಕದಲ್ಲಿ. ಆದ್ದರಿಂದ ಕಥೆಯನ್ನು ಇತಿಹಾಸವೆಂದು ತೆಗೆದುಕೊಳ್ಳಲಾಗದು. ಹಳಬರ ಬಾಯಲ್ಲಿ ಫ್ರೇಜರ್‌ಪೇಟೆ ಎಂಬ ಹೆಸರು ಬಹುಕಾಲ ಉಳಿದಿತ್ತು.

ದೇಶೀಯ ಅರಸರಿಗೆ ಕೊಡಗನ್ನು ಮತ್ತೆ ಒಪ್ಪಿಸುವುದಿಲ್ಲವೆಂಬ ಫ್ರೇಜರನ ಮಾತನ್ನು ಬ್ರಿಟಿಷರು ಕೊನೆಯವರೆಗೂ ಪಾಲಿಸಿದರು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದಾಗಲೂ ಕೊಡಗು ಬ್ರಿಟಿಷರ ಕೈಯಲ್ಲೇ ಉಳಿಯಿತು, ಮೈಸೂರಿನ ರೆಸಿಡೆಂಟನೇ ಅದಕ್ಕೆ ಚೀಫ್ ಕಮಿಷನರ್ ಆದ. ಸ್ವಾತಂತ್ರ್ಯದ ಬಳಿಕ ‘ಸಿ’ ವರ್ಗದ ರಾಜ್ಯವಾದ ಕೊಡಗಿನಲ್ಲಿ ವಯಸ್ಕ ಮತದಾನದಿಂದ ಆಯ್ಕೆಯಾದ ಮೊದಲ ಸರ್ಕಾರ 1952ರ ಮಾರ್ಚಿನಲ್ಲಿ ಸಿ. ಎಂ. ಪೂಣಚ್ಚನವರ ನೇತೃತ್ವದಲ್ಲಿ ಅಧಿಕಾರಕ್ಕೆ ಬಂತು. ತಮ್ಮನ್ನು ಆಳುವವರು ಯಾರೆಂದು ಕೊಡಗಿನ ಎಲ್ಲ ವರ್ಗದ ಜನರನ್ನು ನಿಜವಾಗಿ ಕೇಳಿದ್ದು ಆಗಲೇ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು.